ಬಾರಿನ ಗಿರಾಕಿಗೆ ಮರ್ಯಾದೆ ಬೇಡವೆ?

ಕಳೆದ ಶನಿವಾರ ಸಂಜೆ ಯಡಿಯೂರಿನಿಂದ ಕುಣಿಗಲಿಗೆ ಬರುವ ಹಾದಿಯಲ್ಲಿ ನಮ್ಮ ಬಳಗದ ಇಬ್ಬರು ಒಂದು ಬಾರಿಗೆ ಹೋಗಿದ್ದರು. ಒಬ್ಬರು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರು. ಇನ್ನೊಬ್ಬರು ಸಂತೆಯಿಂದ ಸಂತೆಗೆ ತಿರುಗಿ ಮೆಣಸಿನಕಾಯಿ, ಹುಣಸೆಹಣ್ಣು ಮಾರುವವರು. ವಾರವೆಲ್ಲ ನಿಂತು ದುಡಿದ ಕಾಲಿಗೆ ಒಂದು ಗಂಟೆ ಕೂರಲು ಜಾಗ ಬೇಕಿತ್ತು. ತಲಾ ಒಂದು ನೈಂಟಿ, ಒಂದು ತಟ್ಟೆ ಕಡಲೆಬೀಜ, ಕುಡಿಯಲು ನೀರು ಕೇಳಿದರು.

ಕೇಳಿದ ಅಗ್ಗದ ಬ್ರಾಂಡು "ಖಾಲಿ" ಎಂದರು. ಗಲ್ಲಾದ ಹಿಂದಿನ ಹಲಗೆಯ ಮೇಲೆ ಅದು ಸಾಲಾಗಿ ಕಾಣುತ್ತಿತ್ತು. ಲೋಟದಲ್ಲಿ ನೀರು ಕೇಳಿದರೆ ಬಾಟಲಿಯ ಮುಚ್ಚಳ ತಿರುಗಿಸಿಯೇ ತಂದಿಟ್ಟರು. ಕೇಳದ ಚಿಲ್ಲಿ ಚಿಕನ್ನೂ ಬಂತು. "ಎಲ್ರೂ ತಗೋತಾರಣ್ಣ" ಎಂದಷ್ಟೇ ಅದಕ್ಕೆ ಸಮಜಾಯಿಷಿ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಸಪ್ಲೈಯರು ಮೂರನೆಯ ಸಲ ಬಂದು ನಿಂತ. "ಇನ್ನೇನ್ ಕೊಡ್ಲಿ? ಏನೂ ಬೇಡಾಂದ್ರೆ ಟೇಬಲ್ ಬಿಡಿ, ಜನ ನಿಂತವ್ರೆ." ನಿಂತ ಜನ ಯಾರೂ ಇರಲಿಲ್ಲ. ಎದ್ದುಹೋಗಲು ನಾಚಿಕೆ, ಕೂರಲು ಸಂಕೋಚ. ಕೊನೆಗೆ ಇನ್ನೆರಡು ನೈಂಟಿ ಹೇಳಿದರು. ಮುನ್ನೂರು ರೂಪಾಯಿಯ ಲೆಕ್ಕ ಹಾಕಿಕೊಂಡು ಹೋದವರು ೭೮೦ ತೆತ್ತು ಬಂದರು. ಬಿಲ್ಲು ಕೇಳಿದ್ದಕ್ಕೆ ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಬರೆದ ಒಂದು ಮೊತ್ತ ಸಿಕ್ಕಿತು. ಚಿಲ್ಲರೆ ಇಲ್ಲವೆಂದು ಮಿಕ್ಕ ೨೦ ರೂಪಾಯಿಗೆ ಎರಡು ಪೊಟ್ಟಣ ಮಿಕ್ಸ್ಚರ್ ಕೊಟ್ಟರು.

ಆ ಬಾರಿನ ಹೆಸರನ್ನು ನಾವು ಅಚ್ಚು ಹಾಕುವುದಿಲ್ಲ. ಭಯದಿಂದಲ್ಲ. ಆ ಒಂದು ಬಾರಿನ ಹೆಸರು ಹಾಕಿದರೆ ಮಿಕ್ಕವೆಲ್ಲ ನೆಟ್ಟಗಿವೆ ಎಂದಾಗುತ್ತದೆ. ಈ ವರ್ತಮಾನ ಕೇಳಿದ ತುಮಕೂರಿನ, ಗುಬ್ಬಿಯ ಗೆಳೆಯರು ತಂತಮ್ಮ ಬೀದಿಯ ಕತೆಯನ್ನೇ ಹೇಳತೊಡಗಿದರು.

ಕುಡುಕರ ದೂರಿಗೆ ಸಂಪಾದಕೀಯದ ಜಾಗವೇ ಎಂದು ಕೆಲವರು ಮೂಗು ಮುರಿಯಬಹುದು. ಶನಿವಾರದ ಬಟವಾಡೆ ಮನೆ ಮುಟ್ಟುವ ಮೊದಲೇ ಕರಗುವುದರ ಸಂಕಟ ನಮಗೆ ಗೊತ್ತು. ಆ ಸಂಕಟ ಪಡುವ ತಾಯಂದಿರೂ ಈ ಪತ್ರಿಕೆ ಓದುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇವೆ. ಅಂದು ಮನೆಗೆ ಹೋಗದೆ ಉಳಿದ ೪೮೦ ರೂಪಾಯಿ ಕುಡಿತದ ಚಟಕ್ಕೆ ಹೋದದ್ದಲ್ಲ, ಒತ್ತಾಯಕ್ಕೆ ಹೋದದ್ದು. ೨೦೦೭ರ ಜುಲೈ ೧ರಿಂದ ಸರಕಾರ ಸಾರಾಯಿಯನ್ನು ನಿಲ್ಲಿಸಿತು. ಸಾರಾಯಿ ಅಂಗಡಿ ಹೋಯಿತೇ ಹೊರತು ಕುಡಿಯುವವನು ಹೋಗಲಿಲ್ಲ. ಅವನು ಬಾರಿಗೆ ಬಂದ. ಬಾರಿಗೆ ಮಾಲು ಬರುವುದು ರಾಜ್ಯ ಪಾನೀಯ ನಿಗಮದ ಡಿಪೋದಿಂದ. ೨೦೦೩ರಿಂದ ಈ ಸಗಟು ವ್ಯಾಪಾರ ಸರಕಾರದ ಆ ನಿಗಮದ ಕೈಯಲ್ಲಿದೆ. ಲೈಸೆನ್ಸು ಸರಕಾರದ್ದು, ಸುಂಕ ಸರಕಾರದ್ದು. ಹೀಗಿರುವಾಗ ನ್ಯಾಯಬೆಲೆ ಅಂಗಡಿಯಲ್ಲಿ ಸಕ್ಕರೆ ಬೇಕಾದರೆ ಸಾಬೂನೂ ಕೊಳ್ಳಬೇಕು ಎಂದರೆ ಜಗಳ ತೆಗೆಯುವ ನಾವು, ಬಾರಿನಲ್ಲಿ ಏಕೆ ತಲೆ ತಗ್ಗಿಸಬೇಕು?

ತಲೆ ತಗ್ಗಿಸುವುದಕ್ಕೆ ಕಾರಣವಿದೆ. ಕುಡಿದವನ ಮಾತಿಗೆ ಊರಿನಲ್ಲಿ ಬೆಲೆಯಿಲ್ಲ. ಮೋಸ ಹೋದೆ ಎಂದು ಹೇಳಬೇಕಾದರೆ ಮೊದಲು ಬಾರಿಗೆ ಹೋಗಿದ್ದೆ ಎಂದು ಒಪ್ಪಿಕೊಳ್ಳಬೇಕು. ಈ ನಾಚಿಕೆಯೇ ಬಾರಿನ ಮಾಲೀಕನ ನಿಜವಾದ ಬಂಡವಾಳ.

ಈಗ ಕಾನೂನಿನ ಮಾತು. ಸಿ.ಎಲ್. ೨ ಲೈಸೆನ್ಸಿನ ವೈನ್ ಸ್ಟೋರು ಸೀಲು ಮಾಡಿದ ಬಾಟಲಿ ಮಾರುವ ಅಂಗಡಿ. ಅಲ್ಲಿ ಕುಳಿತು ಕುಡಿಯುವಂತಿಲ್ಲ. ಸಿ.ಎಲ್. ೯ ಲೈಸೆನ್ಸಿನದು ಬಾರು. ೧೯೬೮ರ ಅಬಕಾರಿ ನಿಯಮಗಳು ಅದನ್ನು ಉಪಾಹಾರ ಕೊಠಡಿ ಎಂಬರ್ಥದ ಹೆಸರಿನಿಂದಲೇ ಕರೆಯುತ್ತವೆ. ಊಟ ತಿಂಡಿಯ ಜೊತೆ ಮದ್ಯ ಮಾರುವ ಜಾಗವೆಂಬುದು ಅದರ ವಿವರಣೆ. ಬಾರಿನಲ್ಲಿ ಬಾಟಲಿಯ ಮೇಲಿನ ದರಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ರೂಢಿ. ಕೇಳಿದರೆ "ಸರ್ವೀಸು" ಎನ್ನುತ್ತಾರೆ. ೨೦೧೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೋಟೆಲುಗಳ ನೀರಿನ ಬಾಟಲಿಯ ಮೊಕದ್ದಮೆಯಲ್ಲಿ ಇಂಥದೇ ಮಾತನ್ನು ಒಪ್ಪಿತು. ಹೋಟೆಲಿನವನು ಮಾರುವುದು ಬರೀ ನೀರಲ್ಲ, ಕೂರುವ ಜಾಗ, ಉಪಚಾರ ಎಲ್ಲ ಅದರಲ್ಲಿ ಸೇರಿದೆ, ಆದ್ದರಿಂದ ಮುದ್ರಿತ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದಿತು. ತೀರ್ಪು ನಮಗೆ ರುಚಿಸಲಿಲ್ಲ, ಆದರೂ ತೀರ್ಪು ತೀರ್ಪೇ. ನಾವು ಕೇಳುವುದಿಷ್ಟೆ: ಕುರ್ಚಿಯ ಬಾಡಿಗೆ, ಫ್ಯಾನಿನ ಗಾಳಿ, ಬಡಿಸುವವನ ಕೂಲಿ ಎಲ್ಲವೂ ಆ ಹೆಚ್ಚಿನ ಬೆಲೆಯಲ್ಲಿ ಸೇರಿದ್ದರೆ, ಬೆಲೆ ಕೊಟ್ಟವನನ್ನು ಇಪ್ಪತ್ತು ನಿಮಿಷಕ್ಕೆ ಏಳು ಎನ್ನುವುದು ಹೇಗೆ? ಒಂದೇ ಕುರ್ಚಿಯನ್ನು ಎರಡು ಸಲ ಮಾರಿದಂತಾಗಲಿಲ್ಲವೆ?

ಊಟ ತಿಂಡಿಯ ಜೊತೆ ಎಂಬ ನಿಯಮದ ಮರೆಯಲ್ಲಿ ಮಾಲೀಕರು ಅವಿತುಕೊಳ್ಳಬಹುದು. ನಾವು ಓದಿಕೊಂಡಂತೆ ಆ ನಿಯಮ ಅಡುಗೆಮನೆ ಇಡುವ ಹೊರೆಯನ್ನು ಮಾಲೀಕನ ಮೇಲೆ ಹೊರಿಸುತ್ತದೆ. ಚಿಲ್ಲಿ ಚಿಕನ್ ತಿನ್ನುವ ಹೊರೆಯನ್ನು ಗಿರಾಕಿಯ ಮೇಲಲ್ಲ. ಒಂದು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದನ್ನು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧದ ವ್ಯಾಪಾರವೆಂದು ಹೇಳಿದೆ. ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರದ ಸಾಲಿಗೇ ಸೇರಿಸಿದೆ. ಇನ್ನೊಂದು ಮಾತನ್ನು ಗಂಟು ಹಾಕಿಕೊಳ್ಳಿ: ಮದ್ಯಕ್ಕೆ ಜಿ.ಎಸ್.ಟಿ. ಇಲ್ಲ. ಊಟ ತಿಂಡಿ ಕುಡಿತ ಎಲ್ಲ ಕೂಡಿಸಿ ಒಟ್ಟು ಮೊತ್ತದ ಮೇಲೆ ಜಿ.ಎಸ್.ಟಿ. ಎಳೆದಿದ್ದರೆ ಅದು ತಪ್ಪು ಲೆಕ್ಕ.

ಸಪ್ಲೈಯರ್ ಹುಡುಗನ ಮೇಲೆ ಹರಿಹಾಯುವುದನ್ನು ನಾವು ಒಪ್ಪುವುದಿಲ್ಲ. ಅವನೂ ನಮ್ಮವನೇ. ಮಧ್ಯಾಹ್ನಕ್ಕೆ ಮೊದಲು ನಿಂತವನು ಮಧ್ಯರಾತ್ರಿಯ ತನಕ ನಿಂತಿರುತ್ತಾನೆ. ಒಡೆದ ಗ್ಲಾಸಿನ ಬೆಲೆ ಅವನ ಸಂಬಳದಲ್ಲಿ ಮುರಿಯುತ್ತದೆ. ಗಲ್ಲಾದಲ್ಲಿ ಕೂತವರ ಕಣ್ಣು ಅವನ ಬೆನ್ನ ಮೇಲಿರುತ್ತದೆ. ಟೇಬಲ್ ಬಿಡಿ ಎಂದ ಬಾಯಿ ಅವನದು, ಮಾತು ಅವನದಲ್ಲ. ಹೋಟೆಲು ಉದ್ಯಮಕ್ಕೆ ಸರಕಾರವೇ ಕನಿಷ್ಠ ವೇತನ ಗೊತ್ತುಮಾಡುತ್ತದೆ. ಅದು ಅವನ ಕೈಗೆ ಬಂದರೆ ಟಿಪ್ಸಿಗಾಗಿ ಗಿರಾಕಿಯ ಕೊರಳು ಹಿಡಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ೧೯೫೭ರಲ್ಲಿ ಕಾಫಿ ಹೌಸಿನ ಕೆಲಸಗಾರರು ತಾವೇ ಸಹಕಾರ ಸಂಘ ಕಟ್ಟಿ ಹೋಟೆಲು ನಡೆಸತೊಡಗಿದರು. ಅಲ್ಲಿ ಒಂದು ಕಪ್ಪು ಕಾಫಿಗೆ ತಾಸುಗಟ್ಟಲೆ ಕೂತು ಹರಟುವವರನ್ನು ನಾವು ಕಂಡಿದ್ದೇವೆ. (ನಾವೂ ಆ ಪೈಕಿಯೇ.) ಇಲ್ಲೇ ಯಡಿಯೂರಿನ ಸಿದ್ಧಲಿಂಗೇಶ್ವರನ ದಾಸೋಹದಲ್ಲಿ ಬಂದವರಿಗೆಲ್ಲ ಎಲೆ ಹಾಕುತ್ತಾರೆ, ಏನು ಕೊಳ್ಳುತ್ತೀಯೆಂದು ಯಾರೂ ಕೇಳುವುದಿಲ್ಲ. ಬಾರನ್ನು ದಾಸೋಹ ಮಾಡಿ ಎನ್ನುವಷ್ಟು ಹುಚ್ಚು ನಮಗಿಲ್ಲ. ಕೂರಿಸಿ ಮಾತಾಡಿಸುವ ರೀತಿ ಈ ಮಣ್ಣಿಗೆ ಹೊಸತಲ್ಲ ಎಂದಷ್ಟೇ ಹೇಳುತ್ತೇವೆ.

ಮಾಲೀಕನ ಮಾತನ್ನೂ ಕೇಳೋಣ, ಅವರಲ್ಲಿಯೂ ಸಣ್ಣವರಿದ್ದಾರೆ. ಲೈಸೆನ್ಸು ಫೀಜು ಮುಂಗಡ ಕಟ್ಟಬೇಕು, ಮಾಲು ದುಡ್ಡು ಕೊಟ್ಟು ಎತ್ತಬೇಕು, ಕಂಡವರಿಗೆ ಕೈ ಬೆಚ್ಚಗೆ ಮಾಡಬೇಕು ಎಂಬುದು ಅವರ ಗೋಳು. ಅದರ ಮೇಲಿರುವುದು ವಿಧಾನಸೌಧ. ೨೦೨೩ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಎಲ್ಲ ದರ್ಜೆಗಳಿಗೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡ ೨೦ರಷ್ಟು ಏರಿಸಿ, ಆ ವರ್ಷಕ್ಕೆ ಅಬಕಾರಿಯಿಂದ ೩೬ ಸಾವಿರ ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟರು. ೨೦೨೫-೨೬ಕ್ಕೆ ಆ ಗುರಿ ೪೦ ಸಾವಿರ ಕೋಟಿಯಾಯಿತು. ಇಷ್ಟು ಹಣ ಆಕಾಶದಿಂದ ಉದುರುವುದಿಲ್ಲ. "ಇನ್ನೇನ್ ಕೊಡ್ಲಿ" ಎಂದು ಮೂರು ಸಲ ಕೇಳಿಸಿಕೊಂಡು ಎರಡನೆಯ ನೈಂಟಿಗೆ ಹೂಂ ಎಂದವನ ಜೇಬಿನಿಂದಲೂ ಅದು ಹೋಗುತ್ತದೆ.

ಆ ಎರಡನೆಯ ನೈಂಟಿಯ ಮಾತನ್ನು ಹಗುರವಾಗಿ ಬಿಡಲಾಗದು. ನಮ್ಮಿಬ್ಬರು ಗೆಳೆಯರು ಬಾರಿನಿಂದೆದ್ದು ಮೊಪೆಡ್ ಹತ್ತಿ ಹೆದ್ದಾರಿಗೆ ಇಳಿದರು. ಒಂದು ನೈಂಟಿ ಕುಡಿದರೂ ಗಾಡಿ ಮುಟ್ಟಕೂಡದಿತ್ತು. ಅದನ್ನು ಅವರ ಮುಖಕ್ಕೇ ಹೇಳಿದ್ದೇವೆ. ಆದರೆ ಎರಡನೆಯದನ್ನು ಕುಡಿಸಿದವರು ಯಾರು? ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ರಾತ್ರಿಯ ಬಸ್ಸು, ಟ್ಯಾಂಕರು, ಲಾರಿಗಳ ನಡುವೆ ಮೊಪೆಡ್ಡಿನ ಬೆಲೆಯೆಷ್ಟೆಂದು ಈ ಭಾಗದ ಯಾವ ಮನೆಗೂ ಹೇಳಿಕೊಡಬೇಕಾಗಿಲ್ಲ. ನೂರು ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಸಿಕ್ಕರೆ ಅಪರಾಧ. ೨೦೧೯ರ ಸೆಪ್ಟೆಂಬರಿನಿಂದ ಮೊದಲ ಸಲಕ್ಕೇ ೧೦ ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ತನಕ ಜೈಲು, ಇಲ್ಲವೆ ಎರಡೂ. ದಂಡ ಕುಡಿದವನಿಗೆ, ಒತ್ತಾಯ ಮಾಡಿ ಬಡಿಸಿದವನಿಗೆ ಏನೂ ಇಲ್ಲ. ೨೦೧೬ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ ೫೦೦ ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂದಾಗ ಅಧಿಕಾರಿಗಳು ಟೇಪು ಹಿಡಿದು ಅಳೆದರು. ಆಮೇಲೆ ಸಡಿಲಿಕೆಗಳು ಬಂದವು, ಟೇಪು ಸುತ್ತಿಟ್ಟರು. ಬಾರಿನ ಒಳಗೆ ನಡೆಯುವುದನ್ನು ನೋಡಲು ಅಂದೂ ಯಾರೂ ಬರಲಿಲ್ಲ, ಇಂದೂ ಬರುತ್ತಿಲ್ಲ.

ಜಿಲ್ಲೆಯ ಅಬಕಾರಿ ಅಧಿಕಾರಿಗಳನ್ನು ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಬಾರಿನ ಗೋಡೆಯ ಮೇಲೆ ಕನ್ನಡದಲ್ಲಿ, ಕಾಣುವ ಅಕ್ಷರದಲ್ಲಿ, ಅಗ್ಗದ್ದೂ ಸೇರಿ ಎಲ್ಲ ಬ್ರಾಂಡುಗಳ ದರಪಟ್ಟಿ ಇರಲಿ. ಕೇಳಿದವರಿಗೆ ಲೋಟದ ನೀರು ಪುಕ್ಕಟೆ ಸಿಗಲಿ. ಬಾಬುವಾರು ಬಿಲ್ಲು ಕೊಡದ ಲೈಸೆನ್ಸುದಾರನಿಗೆ ನೋಟೀಸು ಹೋಗಲಿ. ಶನಿವಾರ ಸಂಜೆ ಇಲಾಖೆಯವರೇ ಸಾದಾ ಉಡುಪಿನಲ್ಲಿ ಹೋಗಿ ಒಂದು ನೈಂಟಿ ಕೇಳಿ ಕೂತು ನೋಡಲಿ, ಕುಡಿಯಬೇಕಾಗಿಲ್ಲ.

ಗಿರಣಿಯ, ಸಂತೆಯ ಬಂಧುಗಳಲ್ಲಿ ನಮ್ಮ ಬಿನ್ನಹವಿದೆ. ಕೇಳದೆ ತಂದ ತಟ್ಟೆಯನ್ನು ಮುಟ್ಟದೆ ಹಿಂದಕ್ಕೆ ಕಳಿಸಿ. ಬಿಲ್ಲು ಬರೆಸಿಕೊಳ್ಳದೆ ದುಡ್ಡು ಎಣಿಸಬೇಡಿ. ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ೫ ಲಕ್ಷ ರೂಪಾಯಿಯ ತನಕದ ವ್ಯಾಜ್ಯಕ್ಕೆ ಅರ್ಜಿ ಫೀಜಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಫೋನಿನಲ್ಲಿ ದೂರು ಹೇಳುವವರಿಗೆ ೧೯೧೫ ಎಂಬ ಸಂಖ್ಯೆಯಿದೆ. ಅರ್ಜಿ ಬರೆಯಲು ಬಾರದವರು ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬನ್ನಿ. ಬರುವಾಗ ಬಿಲ್ಲು ತನ್ನಿ, ಸಿಗರೇಟು ಪ್ಯಾಕಿನ ಮೇಲೆ ಬರೆದದ್ದಾದರೂ ಸರಿ.