ಕಪಾಟಿನ ಬಾಗಿಲು ತೆರೆದು ನೋಡಿರಿ

ದಾವಣಗೆರೆಯ ಕಡೆಯ ಒಬ್ಬ ತಾಯಿಯವರು ಪತ್ರಿಕೆಯ ವಿಳಾಸಕ್ಕೆ ಬರೆದ ಕಾಗದವೊಂದು ನಮ್ಮ ಕೈಸೇರಿದೆ. ಮಗಳ ನಿಶ್ಚಿತಾರ್ಥಕ್ಕೆ ಎರಡು ತಿಂಗಳು ಉಳಿದಿದೆ. ಬೀಗರು ಮನೆಗೆ ಬರುವವರಿದ್ದಾರೆ. 15 ವರ್ಷಗಳ ಹಿಂದೆ ಮಾಡಿಸಿದ ಅಡುಗೆಮನೆಯ ಕಪಾಟುಗಳ ಬಾಗಿಲುಗಳು ಮಾಸಿವೆ, ಕೆಲವುಗಳ ಅಂಚು ಎದ್ದಿದೆ. ಮೇಲೆ ವಿನೈಲ್ ಹಾಳೆ ಅಂಟಿಸಿದರೆ ಎರಡೇ ದಿನದಲ್ಲಿ ಹೊಸದಾಗುವುದೆಂದು ಒಬ್ಬರು ಹೇಳುತ್ತಾರಂತೆ. ಕಪಾಟಿನ ಗೂಡು ಹಾಗೆಯೇ ಇರಲಿ, ಬಾಗಿಲುಗಳನ್ನು ಮಾತ್ರ ಬದಲಿಸಿರೆಂದು ಬಡಿಗರು ಹೇಳುತ್ತಾರಂತೆ. ಯಜಮಾನರ ನಿವೃತ್ತಿಯ ಹಣದಲ್ಲಿಯೇ ಮದುವೆಯೂ ಆಗಬೇಕಾಗಿದೆ. ಕಾಗದದ ಕೊನೆಯಲ್ಲಿ ಒಂದು ಸಾಲು: ಸಿಂಕಿನ ಕೆಳಗಿನ ಹಲಗೆ ತುಸು ಉಬ್ಬಿದೆ, ಹಾಳೆ ಅಂಟಿಸಿದರೆ ಅದು ಕಾಣುವುದಿಲ್ಲವೆಂದು ಹಾಳೆಯವರು ಭರವಸೆ ಕೊಟ್ಟಿದ್ದಾರೆ.

ಧರ್ಮವಿಚಾರದ ಅಂಕಣದಲ್ಲಿ ಕಪಾಟಿನ ಮಾತೇಕೆ ಎಂದು ಹಿರಿಯರು ಕೆಲವರು ಹುಬ್ಬೇರಿಸಬಹುದು. ಬಾಚಿಕಾಯಕದ ಬಸವಯ್ಯನವರು ಮರಗೆಲಸದ ಶರಣರು. ಅವರ ಪುಣ್ಯಸ್ತ್ರೀ ಕಾಳವ್ವೆಯವರು ವಚನಕಾರ್ತಿ. ಬಾಚಿಯ ಮಾತು ಅನುಭವ ಮಂಟಪಕ್ಕೆ ಹೊರಗಿನದಾಗಿರಲಿಲ್ಲ. ಪ್ರಸಾದ ಸಿದ್ಧವಾಗುವ ಮನೆಯ ಮಾತು ನಮಗೂ ಹೊರಗಿನದಲ್ಲ.

ತಾಯಿಯವರು ನಮ್ಮನ್ನು ಕೇಳಿರುವುದು ಹಾಳೆಯೋ ಬಾಗಿಲೋ ಎಂದು. ನಾವು ಮೊದಲು ನೋಡಲು ಹೇಳುವುದು ಕಾಗದದ ಆ ಕೊನೆಯ ಸಾಲನ್ನು. ಸಿಂಕಿನ ಕೆಳಗಿನ ಸಾಮಾನುಗಳನ್ನೆಲ್ಲ ಹೊರಗಿಟ್ಟು, ದೀಪ ಹಿಡಿದು ನೋಡಿರಿ. ಉಬ್ಬಿದ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿರಿ. ತುದಿ ಸುಲಭವಾಗಿ ಒಳಹೋದರೆ ಅಲ್ಲಿ ಮರದ ಸತ್ವ ಮುಗಿದಿದೆ. ಹಲಗೆ ಪಾರ್ಟಿಕಲ್ ಬೋರ್ಡಿನದಾಗಿದ್ದರೆ, ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಆ ವಸ್ತು ನೀರು ಕುಡಿದು ಒಮ್ಮೆ ಉಬ್ಬಿದ ಮೇಲೆ, ಒಣಗಿದರೂ ಮೊದಲಿನಂತೆ ಆಗುವುದಿಲ್ಲ. ಮಣ್ಣಿನ ಸುರಂಗದಂಥ ಗೆರೆಗಳು ಕಂಡರೆ ಗೆದ್ದಲು. ಬಳಿಕ ಬಾಗಿಲುಗಳನ್ನು ಒಂದೊಂದಾಗಿ ಹಿಡಿದು ಅಲುಗಿಸಿರಿ. ಬಿಜಾಗರಿಯ ಸ್ಕ್ರೂಗಳು ಸಡಿಲವಾಗಿ ಗೂಡಿನ ಹಲಗೆಯಲ್ಲಿ ಹಿಡಿತವೇ ಇಲ್ಲದಿದ್ದರೆ, ಹೊಸ ಬಾಗಿಲು ಹಾಕಿಸಿದರೂ ಅದು ಕೆಲವು ತಿಂಗಳಲ್ಲಿ ಜೋತು ಬೀಳುವುದು.

ಉಬ್ಬಿದ ಹಲಗೆಯ ಮೇಲೆ ಹಾಳೆ ಅಂಟಿಸುವುದೆಂದರೆ ತೇವವನ್ನು ಒಳಗೆ ಬಂಧಿಸಿಟ್ಟಂತೆ. ಬೀಗರ ಕಣ್ಣಿಗೆ ಅದು ಕಾಣದಿರಬಹುದು. ಆದರೆ ಅಕ್ಕಿ, ಬೇಳೆ, ಹಿಟ್ಟಿನ ಡಬ್ಬಿಗಳು ಇರುವುದು ಅದರ ಪಕ್ಕದಲ್ಲಿ. ಮೊದಲು ನೀರು ಸೋರುವ ಪೈಪಿನ ಜೋಡಣೆಯನ್ನು ಸರಿಪಡಿಸಿ, ಆ ಒಂದು ಗೂಡನ್ನು ಮಾತ್ರ ಬಿಚ್ಚಿಸಿ, ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡಿನಲ್ಲಿ ಹೊಸದಾಗಿ ಮಾಡಿಸಿರಿ. ಇದು ಇಡೀ ಅಡುಗೆಮನೆಯ ಖರ್ಚಲ್ಲ, ಒಂದು ಗೂಡಿನ ಖರ್ಚು.

ಉಳಿದ ಗೂಡುಗಳು ಗಟ್ಟಿಯಾಗಿದ್ದರೆ ಹಾಳೆ ಮತ್ತು ಬಾಗಿಲುಗಳ ಪ್ರಶ್ನೆ ಬರುವುದು. ವಿನೈಲ್ ಹಾಳೆಯನ್ನು ನಾವು ನಿಂದಿಸುವವರಲ್ಲ. ಹಿಂಬದಿಯ ಕಾಗದ ಸುಲಿದು, ಬಿಸಿಗಾಳಿಯಿಂದ ಮೆತ್ತಗೆ ಮಾಡಿ ಅಂಟಿಸುವ ತೆಳು ಪ್ಲಾಸ್ಟಿಕ್ ಅದು. ಬಾಡಿಗೆ ಮನೆಯಲ್ಲಿ ಇರುವವರಿಗೆ ಅದು ಒಳ್ಳೆಯದು. ಬಿಟ್ಟುಹೋಗುವಾಗ ಕಾಯಿಸಿ ನಿಧಾನವಾಗಿ ಸುಲಿಯಬಹುದು. ನಯವಾದ, ಜಿಡ್ಡಿಲ್ಲದ, ಒಲೆಯಿಂದ ದೂರವಿರುವ ಬಾಗಿಲಿಗೂ ಒಪ್ಪುವುದು. ಆದರೆ ಕಾವಿನಿಂದ ಮೆತ್ತಗಾಗಿ ಅಂಟಿಕೊಂಡದ್ದು ಕಾವಿನಿಂದಲೇ ಬಿಡುವುದು. ನಮ್ಮ ಮನೆಗಳಲ್ಲಿ ಒಲೆ ಕಾಲು ಗಂಟೆ ಉರಿದು ಆರುವುದಿಲ್ಲ. ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಹಂಚು ಗಂಟೆಗಟ್ಟಲೆ ಕಾಯುವುದು. ಮೇಲೆ ಒಗ್ಗರಣೆಯ ಎಣ್ಣೆಹೊಗೆ. ಒಲೆಯ ಅಕ್ಕಪಕ್ಕದ ಬಾಗಿಲುಗಳ ಅಂಚಿನಲ್ಲಿ ಹಾಳೆ ಮೊದಲು ಏಳುವುದು ಇದರಿಂದಲೇ. ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಹಾಳೆಯವರಿಂದ ಅಂಗೈಯಗಲದ ತುಂಡೊಂದನ್ನು ಕೇಳಿ ಪಡೆದು, ಒಲೆಯ ಪಕ್ಕದ ಬಾಗಿಲಿಗೆ ಅಂಟಿಸಿ ಮೂರು ವಾರ ರೊಟ್ಟಿ ಮಾಡಿರಿ. ಎರಡು ತಿಂಗಳ ಅವಧಿಯಲ್ಲಿ ಮೂರು ವಾರಕ್ಕೆ ಅವಕಾಶವಿದೆ.

ಬಾಗಿಲು ಬದಲಿಸುವ ಕೆಲಸದಲ್ಲಿ ಲೆಕ್ಕ ಅರಿತಿರಬೇಕು. ಲ್ಯಾಮಿನೇಟ್, ಅಂದರೆ ಜನ ಸನ್‌ಮೈಕಾ ಎನ್ನುವುದು, 8 ಅಡಿ ಉದ್ದ 4 ಅಡಿ ಅಗಲದ ಹಾಳೆಯಾಗಿ ಬರುವುದು. 2 ಅಡಿ ಅಗಲ, ಎರಡೂವರೆ ಅಡಿ ಎತ್ತರದ 12 ಬಾಗಿಲುಗಳಿವೆಯೆನ್ನೋಣ. ಮರದ ಗೆರೆ ನಿಂತು ಬರುವಂತೆ ಕತ್ತರಿಸಿದರೆ ಒಂದು ಹಾಳೆಯಲ್ಲಿ 6 ಬಾಗಿಲು, ಒಟ್ಟು 2 ಹಾಳೆ. ಗೆರೆ ಅಡ್ಡಲಾಗಿ ಬೇಕೆಂದರೆ ಒಂದರಲ್ಲಿ 4 ಮಾತ್ರ, ಒಟ್ಟು 3 ಹಾಳೆ. ಇದು ಹೊರಮುಖದ ಲೆಕ್ಕವಷ್ಟೇ. ಒಳಮುಖಕ್ಕೂ ಹಾಳೆ ಬೇಕು; ಒಂದೇ ಮುಖಕ್ಕೆ ಅಂಟಿಸಿದರೆ ಹಲಗೆ ಬಾಗುವುದು. ಒಳಗಿನದು ಅಗ್ಗದ ಬಿಳಿಯ ಹಾಳೆಯಾದರೂ ಸಾಕು. ಅಂಚಿಗೆ ಪಟ್ಟಿ ಸುತ್ತಿಸುವುದನ್ನು ಮರೆಯಬಾರದು, ನೀರು ನುಗ್ಗುವುದು ಅಲ್ಲಿಂದಲೇ.

ಹಳೆಯ ಬಾಗಿಲು ನೇರವಾಗಿದ್ದರೆ ಅದರ ಮೇಲಿನ ಮಾಸಿದ ಪದರವನ್ನು ಉಜ್ಜುಕಾಗದದಿಂದ ಒರಟುಗೊಳಿಸಿ ಹೊಸದನ್ನು ಅಂಟಿಸುವ ಬಡಿಗರೂ ಇದ್ದಾರೆ. ಇದು ಅಗ್ಗದ ಮಾರ್ಗ, ತಪ್ಪಲ್ಲ. ದಪ್ಪ ಹೆಚ್ಚುವುದರಿಂದ ಬಾಗಿಲುಗಳು ಒಂದಕ್ಕೊಂದು ತಾಗದಂತೆ ಅಂಚು ಹೆರೆಸಬೇಕಷ್ಟೆ. ಎದ್ದಿರುವ ಹಳೆಯ ಪದರದ ಮೇಲೆ ಮಾತ್ರ ಅಂಟಿಸಬಾರದು. ಅದನ್ನು ಸುಲಿದೇ ಮುಂದುವರಿಯಬೇಕು. ಕೆಲವು ಅಂಟುಗಳ ಆವಿ ಬೆಂಕಿ ಹಿಡಿಯುವಂಥದು. ಕೆಲಸದ ದಿನ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಕಿಟಕಿಗಳನ್ನು ತೆರೆದಿಟ್ಟು, ಅಡುಗೆಯನ್ನು ಬೇರೆಡೆ ಮಾಡಿಕೊಳ್ಳುವುದು ಲೇಸು.

ಆದುದರಿಂದ ತಾಯಿಯವರಿಗೆ ನಮ್ಮ ಸಲಹೆ: ಸಿಂಕಿನ ಗೂಡು ಹೊಸದಾಗಲಿ, ಒಲೆಯ ಎರಡು ಬದಿಯ ಮತ್ತು ಮೇಲಿನ ಬಾಗಿಲುಗಳಿಗೆ ಲ್ಯಾಮಿನೇಟ್ ಇರಲಿ, ದೂರದ ಬಾಗಿಲುಗಳಿಗೆ ಹಣ ಸಾಲದಿದ್ದರೆ ಹಾಳೆ ಅಂಟಿಸಿರಿ. ಎರಡರ ಬಣ್ಣ ಪೂರ್ತಿ ಹೊಂದುವುದು ಕಷ್ಟ, ಹಾಗಾಗಿ ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಬಣ್ಣವೆಂದು ಮೊದಲೇ ನಿಶ್ಚಯಿಸಿರಿ. ಸಾಲ ಮಾಡಿ ಎಲ್ಲವನ್ನೂ ಒಮ್ಮೆಲೇ ಬದಲಿಸುವುದನ್ನು ನಾವು ಒಪ್ಪೆವು. ಹೆಣ್ಣು ಕೊಟ್ಟು ತರುವ ಸಂಬಂಧವನ್ನು ಕಪಾಟಿನ ಹೊಳಪಿನಿಂದ ತೂಗುವ ಬೀಗರಾದರೆ, ಅದನ್ನು ನಿಶ್ಚಿತಾರ್ಥಕ್ಕೆ ಮುಂಚೆ ತಿಳಿಯುವುದೇ ಒಳಿತು. ಬಣ್ಣವನ್ನು ಯಜಮಾನರಲ್ಲ, ದಿನವೂ ಅಲ್ಲಿ ನಿಲ್ಲುವ ತಾವೇ ಆರಿಸಿರಿ. ಬಡಿಗರ ಕೂಲಿಯನ್ನು ಕೆಲಸ ಮುಗಿದ ದಿನವೇ ಕೊಡಿರಿ. ಉಳಿದ ಲ್ಯಾಮಿನೇಟಿನ ತುಂಡುಗಳನ್ನು ಅಟ್ಟದ ಮೇಲೆ ಎತ್ತಿಡಿರಿ; ಮುಂದೆ ಯಾವುದೋ ಬಾಗಿಲಿನ ಮೂಲೆ ಮುರಿದಾಗ ಅದೇ ಬಣ್ಣ ಅಂಗಡಿಯಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ.