ಮೆಟ್ರೋ ಖರ್ಚು ಪ್ರಯಾಣಿಕರ ತಲೆಗಷ್ಟೇ ಏಕೆ?

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ‘ನಮ್ಮ ಮೆಟ್ರೋ’ದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಜಿಗಿಯಿತು. ಕೆಲವು ನಿಲ್ದಾಣಗಳ ನಡುವೆ ದರ ದುಪ್ಪಟ್ಟಾಗಿತ್ತು. ಜನ ಸಿಡಿದೆದ್ದ ಮೇಲೆ ಏರಿಕೆಯನ್ನು ಶೇ 71ಕ್ಕೆ ಮಿತಿಗೊಳಿಸಿದರು. ಸೌಲಭ್ಯ ಬೇಕಿದ್ದರೆ ದುಡ್ಡು ಕೊಡಲೇಬೇಕು ಎಂಬ ವಾದ ಆಗ ಜೋರಾಗಿ ಕೇಳಿಬಂತು. ಕೊಡಬೇಕು, ನಿಜ. ಆದರೆ ಕೊಡುವವರ ಸಾಲಿನಲ್ಲಿ ಪ್ರಯಾಣಿಕರು ಮಾತ್ರ ಏಕೆ ನಿಂತಿದ್ದಾರೆ?

ಬೆಳಗಿನ ಹೊತ್ತು ಕೆ.ಆರ್. ಪುರದಲ್ಲಿ ನಿಂತು ನೋಡಿ. ಬಂಗಾರಪೇಟೆ ಕಡೆಯ ರೈಲು ಇಳಿದವರು ಊಟದ ಡಬ್ಬಿ ಹಿಡಿದು ಮೆಟ್ರೋ ಮೆಟ್ಟಿಲು ಹತ್ತುತ್ತಾರೆ, ಇಲ್ಲವೇ ಟಿನ್ ಫ್ಯಾಕ್ಟರಿಯ ಬಸ್ಸಿಗೆ ಓಡುತ್ತಾರೆ. ದಿನಕ್ಕೆ 20 ರೂಪಾಯಿ ಹೆಚ್ಚಾದರೂ ತಿಂಗಳಿಗೆ 500 ಆಯಿತು. ಅದು ಮನೆಯ ಗ್ಯಾಸ್, ಮಕ್ಕಳ ಪುಸ್ತಕದ ದುಡ್ಡು.

ಈಗ ಇಂದಿರಾನಗರಕ್ಕೆ ಬನ್ನಿ. ಸಿಎಂಎಚ್ ರಸ್ತೆಯ ವ್ಯಾಪಾರಿಗಳು ಮೆಟ್ರೋ ತಮ್ಮ ರಸ್ತೆಗೆ ಬೇಡವೆಂದು ಬೀದಿಗಿಳಿದಿದ್ದರು, ನ್ಯಾಯಾಲಯಕ್ಕೂ ಹೋಗಿದ್ದರು. ಕಟ್ಟಡ ಕಳೆದುಕೊಂಡವರ ಸಂಕಟ ಸಣ್ಣದಲ್ಲ. 2011ರ ಅಕ್ಟೋಬರ್ 20ರಂದು ಆ ರಸ್ತೆಯ ಮೇಲೆಯೇ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ರೈಲು ಓಡಿತು. ಇಂದು ಅದೇ ಸುತ್ತಿನ ಬಾಡಿಗೆ ಜಾಹೀರಾತುಗಳು ‘ಮೆಟ್ರೋಗೆ ಹತ್ತಿರ’ ಎಂದೇ ಶುರುವಾಗುತ್ತವೆ. ಆ ಹತ್ತಿರಕ್ಕೆ ಬೆಲೆ ತಂದದ್ದು ಸಾರ್ವಜನಿಕರ ಹಣ. ಅದರ ಲಾಭ ಮಾತ್ರ ಖಾಸಗಿ ಜೇಬಿಗೆ.

ಹಾಂಗ್‌ಕಾಂಗ್‌ನ ಮೆಟ್ರೋ ಸಂಸ್ಥೆ ನಿಲ್ದಾಣದ ಮೇಲಿನ, ಪಕ್ಕದ ಭೂಮಿಯ ಗಳಿಕೆಯನ್ನೂ ಬಳಸಿ ಮಾರ್ಗಗಳನ್ನು ಕಟ್ಟಿತು. ನಮ್ಮಲ್ಲಿ ಕೋಣಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೊಸಿಸ್ ಪ್ರತಿಷ್ಠಾನ ದೇಣಿಗೆ ಕೊಟ್ಟಿತು. ಒಳ್ಳೆಯದೇ, ಆದರೆ ದೊಡ್ಡವರ ಔದಾರ್ಯ ನಂಬಿ ಊರಿನ ಸಾರಿಗೆ ನಡೆಸಲಾಗದು. ‘ಆಸ್ತಿ ತೆರಿಗೆ ಕಟ್ಟುತ್ತೇವಲ್ಲ’ ಎಂದು ಮಾಲೀಕರು ಕೇಳುತ್ತಾರೆ. ಆ ತೆರಿಗೆ ಬೀದಿದೀಪ, ಚರಂಡಿ, ಕಸಕ್ಕೇ ಸಾಲುತ್ತಿಲ್ಲ.

ಇನ್ನು ಸರ್ಕಾರದ ಬಳಿ ಹಣವಿಲ್ಲವೆಂಬ ಮಾತು. ನಾಲ್ಕು ಮಾರ್ಗ, 148 ಕಿಲೋಮೀಟರ್ ಉಪನಗರ ರೈಲಿನ ಅಂದಾಜು ವೆಚ್ಚ 15,767 ಕೋಟಿ. ಹೆಬ್ಬಾಳ–ಸಿಲ್ಕ್ ಬೋರ್ಡ್ ನಡುವಿನ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯೊಂದಕ್ಕೇ 17 ಸಾವಿರ ಕೋಟಿಗೂ ಹೆಚ್ಚು! ಕೆ.ಆರ್. ಪುರದಿಂದ ನಾಯಂಡಹಳ್ಳಿಗೆ ಇನ್ನೊಂದು ಸುರಂಗದ ಪ್ರಸ್ತಾವವೂ ಇದೆ. ದಂಡು ನಿಲ್ದಾಣದ ಮೂಲಕ ವೈಟ್‌ಫೀಲ್ಡ್‌ಗೆ ಹೋಗಬೇಕಾದ ಉಪನಗರ ರೈಲು ಮಾತ್ರ ಕಾಗದದ ಮೇಲಿದೆ. ಕಾರಿನವರಿಗೆ ನೆಲ ಕೊರೆಯಲು ಮುಂದಾಗುವವರು ಬಡವರ ಟಿಕೆಟ್ಟಿನ ಲೆಕ್ಕ ಕೇಳುವುದು ಅನ್ಯಾಯ.

ಮೆಟ್ರೋದ ಗುಲಾಬಿ ಮಾರ್ಗ ಶಿವಾಜಿನಗರದ ಅಡಿಯಲ್ಲೇ ಹಾದುಹೋಗುತ್ತದೆ. ಹೆಚ್ಚಿದ ಭೂಬೆಲೆಯಲ್ಲಿ ಪಾಲು ಕೇಳುವಾಗ ಅಲ್ಲಿಯೂ ಹಲಸೂರಿನಲ್ಲಿಯೂ ಹಳೆಯ ಮನೆ, ಬಾಡಿಗೆದಾರ, ಸಣ್ಣ ಅಂಗಡಿಯವರನ್ನು ಬಿಟ್ಟುಬಿಡಿ. ನಿಲ್ದಾಣದಿಂದ ಅರ್ಧ ಕಿಲೋಮೀಟರ್ ಒಳಗೆ ಹೊಸದಾಗಿ ಏಳುವ ವಾಣಿಜ್ಯ ಸಂಕೀರ್ಣಗಳು, ಕೈ ಬದಲಾಗುವ ದೊಡ್ಡ ನಿವೇಶನಗಳಿಂದ ಹೆಚ್ಚಿದ ಬೆಲೆಯ ಒಂದು ಪಾಲನ್ನು ಕಾನೂನಿನ ಮೂಲಕ ಪಡೆಯಿರಿ. ಆ ಹಣ ಪ್ರತ್ಯೇಕ ಖಾತೆಗೆ ಹೋಗಲಿ, ಮೆಟ್ರೋ ಮತ್ತು ಬಸ್ಸಿಗೆ ಒಂದೇ ಅಗ್ಗದ ಮಾಸಿಕ ಪಾಸು ಕೊಡಲು ಬಳಕೆಯಾಗಲಿ. ಅಲ್ಲಿಯವರೆಗೆ ದರ ಏರಿಸುವ ಮಾತು ಬೇಡ.