ಸೇತುವೆಯ ಬುಡದಲ್ಲಿ ಹೊಳೆ

ಸೇತುವೆ ಭದ್ರವಾಗಿದೆಯೆ ಎಂದು ತಿಳಿಯಲು ನಾವು ನೋಡುವುದು ಕಮಾನನ್ನು, ಕಟಾಂಜನವನ್ನು, ಹೆಚ್ಚೆಂದರೆ ಗಾರೆಯ ಬಿರುಕನ್ನು. ಬಲ್ಲ ಎಂಜಿನಿಯರಾದರೋ ಮೊದಲು ದಡಕ್ಕಿಳಿದು ಹೊಳೆಯನ್ನು ನೋಡುತ್ತಾನೆ. ಸೇತುವೆ ಕಟ್ಟಿದಲ್ಲೇ ಇರುತ್ತದೆ, ಹೊಳೆ ಹಾಗಲ್ಲ.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಸೀಮೆಯವರಿಗೆ ಈ ಮಾತು ಹೊಸದಲ್ಲ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಹೊನ್ನಾಳಿಯನ್ನು ಹಾದು ಹರಿಹರದತ್ತ ಸಾಗುವ ತುಂಗಭದ್ರೆಯ ಬೇಸಿಗೆಯ ಮುಖವೇ ಬೇರೆ, ಮಳೆಗಾಲದ ಮುಖವೇ ಬೇರೆ. ಹರಿಹರದಲ್ಲಿ 1868ರಲ್ಲಿ ಮುಗಿದ ಕಲ್ಲು-ಇಟ್ಟಿಗೆಯ ಸೇತುವೆಗೆ ತಲಾ 60 ಅಡಿಯ 14 ಕಮಾನುಗಳು. ಇಷ್ಟು ತೆರವು ಬರಿಯ ಅಂದಕ್ಕಲ್ಲ. ದಾರಿ ಕಿರಿದಾದರೆ ನೀರಿನ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದರೆ ಅದು ತಳವನ್ನು ಕೊರೆಯುತ್ತದೆ.

ಕಂಬಕ್ಕೆ ಬಡಿದ ಪ್ರವಾಹ ಕೆಳಮುಖವಾಗಿ ಧುಮುಕಿ, ಸುಳಿಯಾಗಿ, ಬುಡದ ಮರಳನ್ನು ಎತ್ತಿಕೊಂಡು ಹೋಗುತ್ತದೆ. ಮಹಾಪೂರದ ಭರದಲ್ಲಿ ಆ ಗುಂಡಿ ಅತ್ಯಂತ ಆಳ. ನೀರಿಳಿಯುವಾಗ ಅದೇ ಹೊಳೆ ಹೂಳು ತಂದು ಅದನ್ನು ಮುಚ್ಚಿಬಿಡಬಹುದು. ಬೇಸಿಗೆಯಲ್ಲಿ ಬಂದು ನೋಡಿದವರಿಗೆ ಸಕಲವೂ ಕ್ಷೇಮ! ಆದುದರಿಂದಲೇ ನಮ್ಮ ದೇಶದ ಎಂಜಿನಿಯರುಗಳು, ಜೆರಾಲ್ಡ್ ಲೇಸಿ ಎಂಬಾತ ನೀಡಿದ ಸೂತ್ರದಿಂದ ಕೊರೆತದ ಸಾಮಾನ್ಯ ಆಳವನ್ನು ಲೆಕ್ಕಹಾಕಿ, ಕಂಬದ ಬಳಿ ಅದರ ಎರಡರಷ್ಟನ್ನು ಎಣಿಸುತ್ತಾರೆ. ತಳಪಾಯ ಅದಕ್ಕಿಂತಲೂ ಕೆಳಗಿರಬೇಕು.

ಇದನ್ನು ಕಡೆಗಣಿಸಿದರೆ ಏನಾದೀತು? 1987ರ ಏಪ್ರಿಲ್ 5ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಕೊಹಾರಿ ಹೊಳೆಯ ಹೆದ್ದಾರಿ ಸೇತುವೆ ಬುಡ ಕಳೆದುಕೊಂಡು ಕುಸಿಯಿತು. 10 ಮಂದಿ ಜಲಸಮಾಧಿಯಾದರು. ನಮ್ಮಲ್ಲಿಯೇ ದಕ್ಷಿಣ ಕನ್ನಡದ ಫಲ್ಗುಣಿ ನದಿಯ ಮೂಲರಪಟ್ಣ ಸೇತುವೆ 2018ರ ಜೂನ್‌ನಲ್ಲಿ ಮುರಿದುಬಿತ್ತು. ಹೊಳೆಯ ಮರಳನ್ನು ಮಿತಿಮೀರಿ ತೆಗೆದುದೇ ಕಾರಣವೆಂದು ಊರವರು ದೂರಿದರು. ಮರಳಿನ ಗುಂಡಿಯ ವಿಚಾರದಲ್ಲಿ ಒಂದು ವಿಶೇಷವುಂಟು. ಸೇತುವೆಯ ಕೆಳಗಡೆ ಎಷ್ಟೋ ದೂರದಲ್ಲಿ ತೋಡಿದರೂ, ಗುಂಡಿಯ ಅಂಚು ಕುಸಿಕುಸಿಯುತ್ತ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಸರಿಯುತ್ತದೆ. ಕೊನೆಗೆ ಕಂಬದ ಬುಡವನ್ನೇ ಮುಟ್ಟಬಲ್ಲದು.

ಹೊಳೆಯ ಮನಸ್ಸನ್ನು ಓದಲು ಎಂಜಿನಿಯರೇ ಆಗಬೇಕಿಲ್ಲ. ದಡದ ಮರಗಳು ನೀರಿನತ್ತ ವಾಲಿವೆಯೆ? ಮಣ್ಣು ಹೊಸದಾಗಿ ಕುಸಿದಿದೆಯೆ? ಹೊಳೆಯ ತಿರುವು ವರ್ಷ ವರ್ಷಕ್ಕೆ ರಸ್ತೆಯತ್ತ ಸರಿಯುತ್ತಿದೆಯೆ? ಹಿಂದೆ ಮಣ್ಣಿನಲ್ಲಿ ಹುದುಗಿದ್ದ ತಳಪಾಯ ಈಗ ಕಣ್ಣಿಗೆ ಬೀಳುತ್ತಿದೆಯೆ? ಇವುಗಳನ್ನು ಮೊದಲು ಕಾಣುವವರು ಬಟ್ಟೆ ಒಗೆಯುವ ತಾಯಂದಿರು, ದನ ಮೇಯಿಸುವ ಹುಡುಗರು, ದಡದ ತೋಟದವರು. ಅವರ ಮಾತು ಲೋಕೋಪಯೋಗಿ ಇಲಾಖೆಯ ಕಚೇರಿಯನ್ನು ಮಳೆಗಾಲಕ್ಕೆ ಮುನ್ನವೇ ತಲಪಬೇಕು. ಕಚೇರಿಯೂ ಅದಕ್ಕೆ ಕಿವಿಗೊಡಬೇಕು. ಕಮಾನಿಗೆ ಸುಣ್ಣ ಬಳಿಯುವುದು ಆಮೇಲಾದರೂ ಆದೀತು.